ಮೂರು ನುಡಿ ದೂರ

"ಅದರ ಮುಂದ ಏನಿತ್ತು?" ಎಂದು ಅಂದಾನೆಪ್ಪ ಕೇಳಿದ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ.

ಹೂಲಿಯ ಅಂದಾನೆಪ್ಪ ಮೂವತ್ತು ವರ್ಷ ಬಾವಿಗಳಲ್ಲಿ ಸುರಂಗ ಹಾರಿಸಿದವನು. ಕಲ್ಲು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ ಓಡಿ ಬರುವ ಕೆಲಸ. ರಾಮದುರ್ಗದಿಂದ ಕಿತ್ತೂರಿನವರೆಗೆ ಅವನು ಒಡೆದ ಬಾವಿಗಳಿವೆ. ಕೆಲವುಗಳಲ್ಲಿ ನೀರೂ ಇದೆ. ಅವನು ಗಡಿಯಾರ ಕಟ್ಟಿದವನಲ್ಲ. ಬಂಡೆಯ ಮರೆಗೆ ಕುಳಿತು ಅಜ್ಜನಿಂದ ಬಂದ ಒಂದು ತತ್ವಪದ ಹೇಳುತ್ತಿದ್ದ. ಪಲ್ಲವಿ, ಆಮೇಲೆ ಮೂರು ನುಡಿ, ಅಂದರೆ ಮೂರು ಚರಣ. ಮೂರನೆಯ ನುಡಿ ಮುಗಿಯುವುದರೊಳಗೆ ಬಾವಿ ಗುಡುಗಬೇಕು. ಗುಡುಗದಿದ್ದರೆ ಮೊದಲಿಂದ ಮತ್ತೆ ಹೇಳಿ, ಆಮೇಲೆಯೇ ಏಳಬೇಕು. ಈ ಕ್ರಮದಿಂದ ಅವನ ಬೆರಳು ಇಪ್ಪತ್ತೂ ಉಳಿದಿದ್ದವು. ಮೂರನೆಯ ನುಡಿ ಮಾತ್ರ ನೆನಪಿನಿಂದ ಹೋಗಿತ್ತು. ಈಗ ಎರಡನೆಯದೂ ಸವೆಯತೊಡಗಿತ್ತು. ಆ ಪದ ಬಲ್ಲವರು ಇನ್ನೊಬ್ಬರಿರಲಿಲ್ಲ, ಅಜ್ಜ ಬರೆದಿಟ್ಟಿರಲಿಲ್ಲ. ಸೋಮವಾರದ ಭಜನೆಯಲ್ಲಿ ಪಲ್ಲವಿಯನ್ನೇ ನಾಲ್ಕು ಸಲ ಹಾಡಿ ತಾಳ ಕೆಳಗಿಡುತ್ತಿದ್ದ. ಭಕ್ತಿ ಹೆಚ್ಚಾಗಿದೆ ಎಂದು ಜನ ತಿಳಿದರು.

ಮೂರು ವರ್ಷದ ಹಿಂದೆ ಒಂದು ಸಂಶೋಧನಾ ಸಂಸ್ಥೆಯಿಂದ ಅಜಿತ ಎಂಬವನು ಬಂದಿದ್ದ. ಸ್ಫೋಟದ ಹೊಡೆತ ಮಿದುಳಿಗೆ ಏನು ಮಾಡುತ್ತದೆ ಎಂಬ ಅಧ್ಯಯನ. ಮೊದಲು ಪ್ರಶ್ನೆ, ಕೊನೆಗೆ ತಲೆಯ ಸ್ಕ್ಯಾನ್ ಎಂದಿದ್ದ. ಅಂದಾನೆಪ್ಪ ಒಪ್ಪಿದ್ದು ಆ ಸ್ಕ್ಯಾನಿಗಾಗಿ. ನುಡಿ ಒಳಗೇ ಎಲ್ಲೋ ಇದೆಯೋ, ಹೋಗೇ ಹೋಯಿತೋ, ಅವನಿಗೆ ಅಷ್ಟು ತಿಳಿಯಬೇಕಿತ್ತು.

"ಸ್ಫೋಟದಿಂದ ಎಷ್ಟು ದೂರ ಕುಂದರ್ತಿದ್ರಿ, ಅಜ್ಜಾರ?"

"ಮೂರು ನುಡಿ ದೂರ."

"ಮೀಟರಿನ್ಯಾಗ ಹೇಳ್ರಿ."

"ಲಗೂನ ಹಾಡಿದ್ರ ಕಡಿಮಿ ಆಗತೈತಿ, ತಮ್ಮಾ."

ಅಜಿತ ಆ ಕಾಲಮ್ಮಿನಲ್ಲಿ 'ಮೂರು' ಎಂದು ತುಂಬಿಕೊಂಡ.

ಮರುವರ್ಷ ಅಜಿತನ ಫೋನು ಬಂತು. "ಈ ಸಲ ಅನುದಾನ ಎಲ್ಲಾ ಸೈನಿಕರ ತಲಿ ಕಡೆ ಹೊಂಟೈತ್ರಿ."

"ಎಪ್ಪತ್ತೊಂದು ಮುಗದಾವು, ಇನ್ನ ಮಿಲಿಟ್ರಿ ಸೇರ್ರಿ," ಎಂದಳು ಹೆಂಡತಿ ಸಿದ್ದಲಿಂಗವ್ವ.

ಅದರ ಮರುವರ್ಷ ಅನುದಾನ ಆಟಗಾರರ ತಲೆಯ ಕಡೆ ಹೋಯಿತು. "ಒಮ್ಮಿ ಕಬಡ್ಡಿ ಆಡ್ಯಾರ ಇವರು. ಬರ್ಕೊಳಪಾ," ಎಂದು ಅವಳೇ ಫೋನಿನಲ್ಲಿ ಹೇಳಿದಳು.

ಈ ವರ್ಷ ಅಜಿತ ತಾನೇ ಫೈಲು ಹಿಡಿದುಕೊಂಡು ಬಂದ.

"ರೊಕ್ಕ ಬಂದೈತ್ರಿ ಅಜ್ಜಾರ, ಐದು ವರ್ಷದ್ದು! ಮ್ಯಾಲಿನವ್ರು ನಿಮ್ಮ ಹೆಸರು ಹಿಡದ ಕೇಳಾಕತ್ತಾರ. ಮೂರು ಮೀಟರಿನ್ಯಾಗ ಕುಂತು ಉಳದ ತಲಿ ನಿಮ್ಮದೊಂದ ಐತಂತ."

"ಮೀಟರ್ ಅಲ್ಲಪಾ, ನುಡಿ."

"ಅದು ಮ್ಯಾಲೆ ಹೋಗೇತ್ರಿ. ತಿದ್ದಾಕ ಬರೂದಿಲ್ಲ."

ಅಂದಾನೆಪ್ಪ ಒಳಗೆ ಹೋಗಿ ಇಸ್ತ್ರಿ ಮಾಡಿಟ್ಟ ಅಂಗಿ ಹಾಕಿಕೊಂಡು ಬಂದ. "ಸ್ಕ್ಯಾನಿಗೆ ಈಗ ಹೋಗೂದೇನು?"

"ಈ ರೊಕ್ಕ ಸ್ಕ್ಯಾನಿಗಲ್ರಿ. ಮಿದುಳು ಕೂಡಿಸಿಡಾಕ." ಅಜಿತ ಫೈಲು ನೋಡುತ್ತ ಹೇಳಿದ. "ನಿಮ್ಮ ನಂತರ ಮಿದುಳು ಕೊಡತೇವಿ ಅಂತ ನಿಮ್ಮದೊಂದು ಸಹಿ. ಅಮ್ಮಾರದೊಂದು."

"ಈಗ ನೋಡಾಕ ಬರೂದಿಲ್ಲೇನು?"

"ಈಗ ನೋಡಾಕ ಅನುದಾನ ಇಲ್ರಿ."

"ಆಮ್ಯಾಲೆ ನೋಡಿದ್ರ ನುಡಿ ಎಲ್ಲಿ ಹೋತು ಅಂತ ಗೊತ್ತಾಗತೈತಿ?"

"ಗಾಯ ಎಲ್ಲಿ ಆಗೈತಿ ಅಂತ ಗೊತ್ತಾಗತೈತ್ರಿ."

"ಯಾರಿಗೆ?"

"ವರದಿ ಬರತೈತ್ರಿ."

ಅಂದಾನೆಪ್ಪ ಜನ್ಮದಲ್ಲಿ ಯಾರಿಗೂ ಇಲ್ಲ ಎಂದವನಲ್ಲ. ಸಹಿ ಮಾಡಿದ. ಹಾಳೆಯನ್ನು ಹೆಂಡತಿಯ ಕಡೆ ಸರಿಸಿದ. "ನಿಂದೊಂದು ಹಾಕು."

ಸಿದ್ದಲಿಂಗವ್ವ ಹಿಟ್ಟಿನ ಕೈ ಒರೆಸಿಕೊಂಡು ಬಂದು ಕುಳಿತಳು.

"ಇವರನ್ನ ನಾವು ಕುಂಡ್ರಿಸಿ ಮಣ್ಣು ಮಾಡೂದು, ಅಜಿತಪ್ಪಾ. ಕೈಯಾಗ ಲಿಂಗ. ನೆತ್ತಿಮ್ಯಾಲೆ ಸ್ವಾಮಿಗೋಳ ಪಾದ. ಆ ನೆತ್ತಿ ಬುಡಕ ಏನ ಇಡ್ತಿ?"

"ಕಾಣಲಾರದಂಗ ಹೊಲದು ಕೊಡ್ತಾರ್ರಿ."

"ಹರದ ಧೋತರ ಏನದು?" ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಇದ್ದಾಗ ನೋಡಾಕ ನಿಮಗ ರೊಕ್ಕಿಲ್ಲ. ಮೂರನೇ ನುಡಿ ಒಳಗಿದ್ರ ಇವರ ಸಂಗಾಟನ ಹೋಗ್ಲಿ."

"ಹಾಕಿಬಿಡು, ಪಾಪ ಅಷ್ಟು ದೂರದಿಂದ ಬಂದಾನ," ಎಂದ ಅಂದಾನೆಪ್ಪ.

"ಚಾ ಕುಡದು ಹೋಗ್ಲಿ. ನಾ ಹಾಕೂದಿಲ್ಲ."