ತಿಪ್ಪವ್ವನ ನಾಲಿಗೆ, ರೇಷ್ಮಾಳ ಕಣ್ಣು

ಶಿವರಾತ್ರಿಗೆ ಎಂಟು ದಿನ ಉಳಿದಿತ್ತು. ಇಳಿಹೊತ್ತಿನಲ್ಲಿ ಬೆಳವಣಕಿಯ ನಮ್ಮ ಹೊಲದಲ್ಲಿ ರಾಶಿ ಮಷಿನ್ ಜೋಳ ಒಕ್ಕುತ್ತಿತ್ತು. ಚೀಲ ಹಿಡಿದು ನಿಂತಿದ್ದ ನೆರೆಮನೆಯ ರೇಷ್ಮಾಳ ಬಲಗಣ್ಣಿಗೆ ಹೊಟ್ಟು ಸಿಡಿಯಿತು. ಊರಿನ ರೂಢಿಯಂತೆ ಆಕೆ ಮುದುಕಿ ತಿಪ್ಪವ್ವನ ಹತ್ತಿರ ಹೋದಳು. ತಿಪ್ಪವ್ವ ಬಾಯಿ ಮುಕ್ಕಳಿಸಿ, ರೆಪ್ಪೆ ಬಿಡಿಸಿ, ನಾಲಿಗೆಯ ತುದಿಯಿಂದ ಕಸ ತೆಗೆದಳು. ನಲವತ್ತು ವರ್ಷಗಳಿಂದ ಹೀಗೆ ತೆಗೆಯುತ್ತಾಳೆ. ಯಾರಿಗೂ ಇಲ್ಲ ಅಂದವಳಲ್ಲ. ನನ್ನ ಕಣ್ಣಿನಿಂದಲೂ ಎರಡು ಸಲ ತೆಗೆದಿದ್ದಾಳೆ.

ಮೂರನೆಯ ದಿನ ರೇಷ್ಮಾಳ ಕಣ್ಣು ಕೆಂಡದಂತಾಯಿತು. ಆಕೆಯದು ಹೊಲಿಗೆ ಕೆಲಸ. ಎಡಗಣ್ಣು ಮುಚ್ಚಿದರೆ ಸೂಜಿಯೇ ಕಾಣಲೊಲ್ಲದು. ಆಶಾ ಕಾರ್ಯಕರ್ತೆ ಸುವರ್ಣಾ ಮೊಬೈಲ್ ಹಿಡಿದು ನೋಡಲು ಬಂದಾಗ ತಿಪ್ಪವ್ವನೂ ರೇಷ್ಮಾಳ ಮನೆಯ ಕಟ್ಟೆಯ ಮೇಲಿದ್ದಳು.

"ಕಸಾ ನಾನ ತಗದೇನಿ. ಇನ್ನೆರಡ ದಿನದಾಗ ಕಡಿಮಿ ಆಕ್ಕೈತಿ," ಎಂದಳು ತಿಪ್ಪವ್ವ. "ನನ್ನ ನಾಲಿಗಿಗೆ ಕೂದಲ ಎಳಿ ಹತ್ತಿದ್ರೂ ತಿಳಿತೈತಿ. ನಿನ್ನ ಮೊಬೈಲಿಗೆ ತಿಳಿತೈತೇನ?"

ಸುವರ್ಣಾ ನಕ್ಕಳು. "ಖರೇ ಐತ್ರಿ ಆಯಿ. ನಾಲಿಗಿ ತುದಿಗೆ ಮುಟ್ಟಿದ್ದು ತಿಳಿಯೋ ನರ ಭಾಳ. ಕಣ್ಣಿನ ಮ್ಯಾಲಿನ ಪೊರಿಗೂ ನೋವು ತಿಳಿಯೋ ನರ ಭಾಳ ಅದಾವ. ಅದಕ್ಕ ಹೊಟ್ಟು ಬಿದ್ರೂ ಕಲ್ಲ ಬಿದ್ದಂಗ ಅನಸ್ತೈತಿ. ಆದ್ರ ಬಾಯಾಗ ಕ್ರಿಮಿ ಇರ್ತಾವ, ಹೊಟ್ಟಿನಾಗ ಬೂಷ್ಟ ಇರ್ತೈತಿ. ಗೀಚಿದ ಜಾಗಾಕ್ಕ ಅವು ಹೊಕ್ಕರ ಹುಣ್ಣ ಆಕ್ಕೈತಿ."

"ಹುಣ್ಣಾದ್ರ ಮಾಯತೈತಿ ಬಿಡ."

"ಮಾಯ್ದ್ರೂ ಬಿಳಿ ಕಲಿ ಉಳೀತೈತ್ರಿ. ಕರಿಗುಡ್ಡಿ ಮ್ಯಾಲಿನ ಪೊರಿ ಗಡಿಯಾರದ ಗಾಜಿದ್ದಂಗ. ಅದರ ಹಿಂದ ಮಸೂರ, ಕಡೀಕ ಬೆಳಕ ಹಿಡಿಯೋ ಪರದೆ. ಗಾಜ ಮಬ್ಬಾದಮ್ಯಾಲೆ ಪರದೆ ಚಲೋ ಇದ್ದು ಏನ ಮಾಡೂದು?"

ಸುವರ್ಣಾ ಕಣ್ಣಿಗೆ ಬ್ಯಾಟರಿಯ ಬೆಳಕು ಬಿಟ್ಟಳು. ಕರಿಗುಡ್ಡೆಯ ಅಂಚಿಗೆ ಸಾಸಿವೆಯಷ್ಟು ಬಿಳಿ ಚುಕ್ಕೆ. ತಿಪ್ಪವ್ವ ಬಗ್ಗಿ ನೋಡಿದಳು.

"ಇಷ್ಟ ವರ್ಷದಾಗ ಇನ್ನ ಯಾರ್ಯಾರಿಗೆ ಹಿಂಗ ಮಾಡೇನೋ," ಎಂದಳು. ಆಮೇಲೆ, "ಏಳ ರೇಷ್ಮಾ, ಲಗೂ ಏಳ. ಬಸ್ಸ ಹೋದೀತು."

ರೋಣದಲ್ಲಿ ಕಣ್ಣಿನ ವೈದ್ಯರು ಹುಣ್ಣೆಂದೇ ಹೇಳಿದರು. ತಾಸಿಗೊಮ್ಮೆ ಔಷಧದ ಹನಿ ಹಾಕಿದ ಮೇಲೆ ತಿಂಗಳಿಗೆ ಮಾಯಿತು. ಅಂಚಿನಲ್ಲಿ ತುಸು ಮಬ್ಬು ಉಳಿದಿದೆ. ಹೊಲಿಗೆ ನಡೆದಿದೆ.

ಅಕ್ಕ, ಅಣ್ಣ, ಕಣ್ಣಿಗೆ ಕಸ ಬಿದ್ದರೆ ತಿಕ್ಕಬೇಡಿ. ನಾಲಿಗೆ, ಸೆರಗಿನ ತುದಿ, ಎಣ್ಣೆ, ಎದೆಹಾಲು ಯಾವುದೂ ಬೇಡ. ಕೈ ತೊಳೆದುಕೊಂಡು ಶುದ್ಧ ನೀರಿನಿಂದ ಕಣ್ಣು ತೊಳೆಯಿರಿ. ಆಮೇಲೂ ಚುಚ್ಚಿದರೆ, ಕೆಂಪಾದರೆ, ಮಬ್ಬಾದರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ರಾಶಿ ಮಾಡುವಾಗ ಕನ್ನಡಕ ಹಾಕಿಕೊಳ್ಳಿ.

ಯುಗಾದಿ ಕಳೆದ ಮೇಲೆ ಮುಶಿಗೇರಿಯ ಸಿದ್ದಲಿಂಗವ್ವ ಕಣ್ಣು ಮುಚ್ಚಿಕೊಂಡು ತಿಪ್ಪವ್ವನ ಬಾಗಿಲಿಗೆ ಬಂದಳು. ತಿಪ್ಪವ್ವ ಕಾಸಿ ಆರಿಸಿದ ನೀರಿನಿಂದ ತೊಳೆಸಿದಳು. ಚುಚ್ಚುವುದು ನಿಲ್ಲಲಿಲ್ಲ. ಆಕೆಯ ಕೈ ಹಿಡಿದುಕೊಂಡು ತಿಪ್ಪವ್ವ ರೋಣದ ಬಸ್ಸು ಹತ್ತಿ ಹೋದಳು.