ಬೋರವ್ವನ ಹೆಸರಿನ ಟಗರು

"ಗುಳಿಗಿ ತಪ್ಪಿಸೀರೇನವ್ವ?" ಡಾಕ್ಟರು ಮತ್ತೆ ಕೇಳಿದರು.

"ಇಲ್ರಿ ಸಾಹೇಬ್ರ. ಬೀರಪ್ಪನ ಆಣಿ," ಎಂದಳು ಸೋಮವ್ವ.

ಮಾನಸಿಕ ರೋಗದ ಡಾಕ್ಟರು ಬಾದಾಮಿಯ ದವಾಖಾನೆಗೆ ಬರುತ್ತಿದ್ದುದು ತಿಂಗಳಿಗೊಮ್ಮೆ. ಮಗಳು ಬೋರವ್ವನಿಗೆ ಹದಿನೇಳಾದರೂ ಬುದ್ಧಿ ಮೂರು ವರ್ಷದ ಕೂಸಿನದು. ಅದರ ಮೇಲೆ ಮೂರ್ಛೆ ಬೇರೆ. ಎಂಬತ್ಮೂರನೇ ಇಸವಿಯಲ್ಲಿ ಗುಳಿಗೆ ಶುರುವಾದ ಮೇಲೆ ಬಿದ್ದಿರಲಿಲ್ಲ. ಬೆಳಗಿನದು ಸೋಮವ್ವ ಕೊಡುತ್ತಿದ್ದಳು, ಸಂಜೆಯದು ಕುರಿದೊಡ್ಡಿಯಲ್ಲಿ ಗಂಡ ಮಲಕಪ್ಪ. ಆದರೂ ಈ ವಾರ ಮತ್ತೆ ಬೀಳತೊಡಗಿದ್ದಳು. ಇಂದು ಪಟ್ಟದಕಲ್ಲಿನ ಬಸ್ಸಿನಲ್ಲೇ ಬಿದ್ದು ನಾಲಿಗೆ ಕಚ್ಚಿಕೊಂಡಿದ್ದಳು.

"ಹಂಗಾದ್ರ ಈ ಔಷಧ ಸಾಲವಲ್ದು. ದೊಡ್ಡ ದವಾಖಾನ್ಯಾಗ ಇಟ್ಕೊಂಡು ನೋಡಬೇಕು. ಇವತ್ತ ನಮ್ಮ ಗಾಡ್ಯಾಗ ಕಳಸ್ರಿ."

"ನಾನೂ ಬರ್ತೇನ್ರಿ."

"ಜೋಡಿ ಇರಾಕ ಸದ್ಯ ಜಾಗಾ ಇಲ್ಲವ್ವ."

ಹೆತ್ತವರ ಕೈ ಬಿಟ್ಟರೆ ಬೇರೆಯವರ ಕೈಯಿಂದ ನೀರನ್ನೂ ಕುಡಿದವಳಲ್ಲ ಬೋರವ್ವ. ಮಲಕಪ್ಪ ಕಂಬಳಿಯ ಅಂಚು ಹಿಂಡುತ್ತ ನಿಂತಿದ್ದ.

"ಬಾಯಿ ಬಿಡ್ರಿ! ಕುರಿ ಕಳಕೊಂಡವರಂಗ ನಿಂತೀರಲ್ಲ!" ಸೋಮವ್ವ ಗಂಡನ ಮೇಲೆ ರೇಗಿದಳು.

ನರ್ಸು ಬೋರವ್ವನ ಕೈ ಹಿಡಿದಳು. ಬೋರವ್ವ ತಾಯಿಯ ಸೆರಗು ಜಗ್ಗಿ ಕಿರುಚಿದಳು.

"ಬಿಡ್ರಿ ಆಕಿನ್ನ," ಎಂದ ಮಲಕಪ್ಪ. "ಸಂಜೀ ಗುಳಿಗಿ ತಪ್ಪ್ಯಾವ್ರಿ. ಟಗರಿಗೆ ಹಾಕೇನಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಟಗರಿಗೂ ತಲಿ ಕೆಟ್ಟಿತ್ತೇನೋ ಕಾಕಾ?"

ಸೋಮವ್ವ ನಗಲಿಲ್ಲ. ಮಗಳ ಮೂರ್ಛೆ ನಿಲ್ಲಲೆಂದು ಅವಳ ಹೆಸರಿನಲ್ಲಿ ಕುಲದೇವರು ಬೀರಪ್ಪನಿಗೆ ಬಿಟ್ಟ ಟಗರು ಅದು. ಅದರ ಉಣ್ಣೆಗೆ ಕತ್ತರಿ ತಾಗಿಸಿದವರಿಲ್ಲ.

"ಒಂದ ಕಡೆ ತಿರಗತಿತ್ರಿ. ತಿರಗಿ ತಿರಗಿ ಬಿದ್ದು ಕಾಲು ಝಾಡಸ್ತಿತ್ತು, ಥೇಟ್ ಇಕಿಹಂಗ. ಇಕಿ ಬ್ಯಾನಿ ಅದು ತಗೊಂಡೈತಿ ಅಂದ್ಕೊಂಡ್ನಿ. ಅದು ಹೋದ್ರ ಇಕಿನೂ ಹೋಗ್ತಾಳಂತ ಅಂಜಿದ್ನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಈಗ ಹೆಂಗೈತಿ ಟಗರು?"

ಮಲಕಪ್ಪ ಹೆಂಡತಿಯ ಕಡೆ ನೋಡಲಿಲ್ಲ. "ಮೊನ್ನೆ ಹೋತ್ರಿ. ಮನ್ಯಾಗ ಹೇಳಿಲ್ಲ."

ಸೋಮವ್ವನ ಅಂಗೈ ಥಟ್ಟನೆ ಮಗಳ ಎದೆಗೆ ಹೋಯಿತು. ಬಡಿಯುತ್ತಿತ್ತು. ಆದರೂ ಕೈ ತೆಗೆಯಲಿಲ್ಲ.

"ಸಂಜೀತನಕ ಇಲ್ಲೇ ಕುಂದ್ರಿ," ಎಂದರು ಡಾಕ್ಟರು. "ಗುಳಿಗಿ ನನ್ನ ಮುಂದ ನುಂಗಿಸ್ರಿ. ಮತ್ತ ಬಿದ್ದಳಂದ್ರ ಗಾಡಿ ಹತ್ತಬೇಕು."

ಬಿಸಿಲು ಬೆಂಚು ದಾಟಿ ಗೋಡೆ ಏರಿತು. ಮಗಳ ರೆಪ್ಪೆ ಅದುರಿದಾಗಲೆಲ್ಲ ಸೋಮವ್ವ ಅವಳನ್ನು ಇನ್ನಷ್ಟು ಹತ್ತಿರ ಒತ್ತಿಕೊಳ್ಳುತ್ತಿದ್ದಳು. ಹೊರಗೆ ಗಾಡಿಯ ಚಾಲಕ ಗಾಜು ಒರೆಸುತ್ತಿದ್ದ.

ಬೋರವ್ವ ಬೀಳಲಿಲ್ಲ. ಗಾಡಿ ಅವಳನ್ನು ಬಿಟ್ಟು ಹೊರಟಿತು.

ಬಸ್ಸಿನಲ್ಲಿ ಮಲಕಪ್ಪ ಎಂದಿನಂತೆ ಗುಳಿಗೆಯ ಪೊಟ್ಟಣಕ್ಕೆ ಕೈ ಚಾಚಿದ. ಸೋಮವ್ವ ಕೊಡಲಿಲ್ಲ. ಮಗಳ ಮುಷ್ಟಿಯಿಂದ ಸೆರಗು ಮೆಲ್ಲಗೆ ಬಿಡಿಸಿಕೊಂಡು, ಪೊಟ್ಟಣವನ್ನು ಅದರ ತುದಿಗೆ ಗಂಟು ಹಾಕಿ, ಗಂಟನ್ನು ಅದೇ ಮುಷ್ಟಿಯಲ್ಲಿಟ್ಟಳು.