ಅಳತೆ ಕೊಟ್ಟ ಗಿರಾಕಿ

ಪೆನ್ಸಿಲ್ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡು ಅವಳು ಚೀಟಿಯ ಮೇಲೆ ‘ಅಪ್ಪ’ ಎಂದು ಬರೆದಳು. ಪಕ್ಕದಲ್ಲಿ ಕೂತಿದ್ದ ಗಂಡ ನೋಡದಿರಲಿ ಅಂತ ಅಂಗೈ ಅಡ್ಡ ಹಿಡಿದಳು. ನೋಡುವ ಅಗತ್ಯ ಅವನಿಗೂ ಇರಲಿಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿದವನಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ.

ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ. ಪೀಠದ ಮುಂದೆ ನಾಲ್ಕು ಮೇಣದ ಬತ್ತಿಗಳಲ್ಲಿ ಒಂದು ಮಾತ್ರ ಉರಿಯುತ್ತಿತ್ತು. ಉಳಿದ ಮೂರು ಸರದಿಯಲ್ಲಿ ನಿಂತವರ ಹಾಗೆ ಸುಮ್ಮನೆ ನಿಂತಿದ್ದವು. ಫಾದರ್‌ಗೆ ಈ ವರ್ಷ ಹೊಸ ಯೋಚನೆಯೊಂದು ಹೊಳೆದಿತ್ತು. ಬಾಲಯೇಸುವನ್ನು ಮಲಗಿಸುವ ಗೋದಲಿಗೆ ಈ ಸಲ ಹುಲ್ಲು ಹಾಸುವುದು ಬೇಡ. ಪ್ರತಿಯೊಬ್ಬರೂ ತಮ್ಮಿಂದ ಕ್ಷಮಿಸಲು ಆಗದ ಒಬ್ಬರ ಹೆಸರನ್ನು ಚೀಟಿಯಲ್ಲಿ ಬರೆದು ಮನೆಗೊಯ್ಯಬೇಕು. ಮನಸಾರೆ ಕ್ಷಮಿಸಿದ ದಿನ ತಂದು ಗೋದಲಿಗೆ ಹಾಕಬೇಕು. ಅದೇ ಕೂಸಿನ ಹಾಸಿಗೆ. ನಾಲ್ಕನೆಯ ಶನಿವಾರ ಸಂಜೆಯ ಪಾಪನಿವೇದನೆಯ ಹೊತ್ತಿಗೆ ಎಲ್ಲ ಮುಗಿದಿರಬೇಕು. ಸುಳ್ಳು ಚೀಟಿ ಹಾಕಿದರೆ ಕೂಸಿಗೆ ಚುಚ್ಚುತ್ತದೆ ಎಂದು ಮಕ್ಕಳಿಗೆ ಹೇಳಿದರು. ದೊಡ್ಡವರು ನಕ್ಕರು. ಅವಳೂ ನಕ್ಕಳು, ಆದರೆ ಆ ಮಾತು ಅವಳಿಗೆ ಅಲ್ಲೇ ಚುಚ್ಚಿತು.

ಸ್ಕೂಟರಿನ ಹಿಂದೆ ಕೂತು ಮನೆಗೆ ಬರುವಾಗ ಅವಳು ಫಾದರ್ ಆದಳು. ಅವರಿಗೆ ವಾರದಿಂದ ನೆಗಡಿ. ಮೂಗು ಕಟ್ಟಿಕೊಂಡು, ಎರಡು ಮಾತಿಗೊಮ್ಮೆ ಉಸಿರೆಳೆದು, “ಬಕ್ಕಳೇ, ಬದಸ್ಸದ್ದು ಸಿದ್ಧ ಬಾಡಿ” ಎಂದಳು. ಗಂಡ ನಕ್ಕ ರಭಸಕ್ಕೆ ಸ್ಕೂಟರ್ ಒಮ್ಮೆ ಓಲಾಡಿತು.

“ಏನ್ ಟೈಲರಮ್ಮ, ಸಿದ್ಧ ಉಡುಪಾದ್ರೆ ಅಂಗಡೀಲಿ ಸಿಗುತ್ತೆ. ಸಿದ್ಧ ಹೃದಯ ಎಲ್ಲಿ ಸಿಗುತ್ತೆ?”

“ಸುಮ್ನೆ ರಸ್ತೆ ನೋಡ್ಕೊಂಡು ಓಡ್ಸಿ. ಅದಕ್ಕೆಲ್ಲ ಟ್ರಯಲ್ ನೋಡ್ಬೇಕಾಗುತ್ತೆ.”

ಅವಳ ಗಂಟಲಲ್ಲಿ ಇಡೀ ಬೀದಿಯೇ ವಾಸವಾಗಿತ್ತು. ತೂಕ ಹೆಚ್ಚಿದ್ದನ್ನು ಒಪ್ಪದೆ ಟೇಪಿನ ಮೇಲೆ ಅನುಮಾನ ಪಡುವ ಪೋಸ್ಟ್ ಆಫೀಸಿನಾಕೆ, ಪ್ರತಿ ವಾಕ್ಯವನ್ನೂ ‘ನಾನು ಹೇಳೋದಲ್ಲ, ಆದ್ರೂ’ ಎಂದು ಶುರು ಮಾಡುವ ಪಕ್ಕದ ಮನೆಯ ಅತ್ತೆ, ಎಲ್ಲರೂ ಅಲ್ಲಿದ್ದರು. ಕೇಳಿದವರಿಗೆಲ್ಲ ಮಾಡಿ ತೋರಿಸುತ್ತಿದ್ದಳು. ಒಂದೇ ಒಂದು ದನಿಯನ್ನು ಮಾತ್ರ ಅವಳು ಈವರೆಗೆ ಹೊರಗೆ ತೆಗೆದಿರಲಿಲ್ಲ. ಅದು ಅವಳಲ್ಲಿ ಇದೆ ಎಂಬುದೇ ಗಂಡನಿಗೆ ತಿಳಿದಿರಲಿಲ್ಲ.

ಆ ದನಿಯ ಒಡೆಯ ಈಗ ಅವಳ ಹೊಲಿಗೆ ಕೋಣೆಯ ಹಿಂದಿನ ಕೋಣೆಯಲ್ಲಿದ್ದ. ಒಂದು ಕಾಲಕ್ಕೆ ಗೂಡ್ಸ್ ಯಾರ್ಡಿನಲ್ಲಿ ಮೇಸ್ತ್ರಿ. ಅವನು ಕೂಗಿದರೆ ಮೂರು ಹಳಿ ಆಚೆ ನಿಂತ ಹಮಾಲಿ ಹೆಗಲ ಮೂಟೆ ಇಳಿಸುತ್ತಿದ್ದನಂತೆ. ಮನೆಗೆ ಬಂದ ಮೇಲೂ ಅದೇ ಯಾರ್ಡು, ಅದೇ ಕೂಗು. ಬಾಗಿಲಿಗೆ ಮೂರು ಗುದ್ದು, ಆಮೇಲೆ ಆ ಪ್ರಶ್ನೆ, ಆಮೇಲೆ ಬೆಲ್ಟು. ಅಮ್ಮನ ಎಡಗಿವಿ ಹೋದದ್ದು ಹಾಗೆ. ಚರ್ಚಿನಲ್ಲಿ ಕೂಡ ಆಕೆ ಬಲಗಿವಿ ಪೀಠದ ಕಡೆ ಮಾಡಿ ಕತ್ತು ತಿರುಗಿಸಿಕೊಂಡೇ ಕೂರುತ್ತಿದ್ದಳು. ನೋಡಿದವರು ಎಂಥಾ ಭಕ್ತಿ ಅನ್ನುತ್ತಿದ್ದರು. ಅದೇ ಭಕ್ತಿಯಲ್ಲಿ ಸತ್ತಳು.

ಈಗಿನ ಅಪ್ಪ ಬೇರೆ. ಮರೆವು ಅವನನ್ನು ಒಗೆದು, ಹಿಂಡಿ, ಮೆತ್ತಗೆ ಮಾಡಿಬಿಟ್ಟಿತ್ತು. ಯಾರು ಬಂದರೂ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದ. ಮಗಳನ್ನು ‘ತಾಯಿ’ ಅನ್ನುತ್ತಿದ್ದ, ಕೆಲವು ದಿನ ‘ಮೇಡಂ’. ಕತ್ತರಿಸಿ ಉಳಿದ ಬಟ್ಟೆ ಚೂರುಗಳನ್ನು ಅವಳು ಕೊಟ್ಟರೆ ದಿನವಿಡೀ ಚೌಕಾಕಾರಕ್ಕೆ ಮಡಿಸಿ ಮಡಿಸಿ ಜೋಡಿಸುತ್ತಿದ್ದ. ಬೀದಿಯವರು ಬಂದು, ನಿಮ್ಮಪ್ಪ ಬೆಣ್ಣೆ ಮನುಷ್ಯ, ನೀವು ಅದೃಷ್ಟವಂತರು ಅನ್ನುತ್ತಿದ್ದರು. ಅವಳು ಹೌದು ಹೌದು ಎಂದು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಮೊದಲ ವಾರ ಅವಳು ಬಾಯಲ್ಲಿ ಹೇಳಿ ನೋಡಿದಳು. ಅವನ ಬೆನ್ನಿಗೆ ಸೋಪು ಹಚ್ಚುತ್ತ, ನಿನ್ನನ್ನ ಕ್ಷಮಿಸಿದೀನಿ ಅಪ್ಪ, ಎಂದಳು. ನೀರು ಬೆಚ್ಚಗಿದೆ ತಾಯಿ, ಎಂದ ಅವನು. ಎರಡನೆಯ ವಾರ ಉಪವಾಸ ಮಾಡಿದಳು. ಹಸಿವಾಯಿತು, ಬೇರೇನೂ ಆಗಲಿಲ್ಲ. ಅಷ್ಟರಲ್ಲಿ ಗಂಡ ತನ್ನ ಚೀಟಿ ಹಾಕಿ ಬಂದಿದ್ದ. ಅವನು ಎಲೆಕ್ಟ್ರಿಷಿಯನ್, ಏಣಿ ಒಯ್ದು ಮುರಿದುಕೊಟ್ಟ ಗೆಳೆಯನನ್ನು ಒಂದು ಕಪ್ ಚಹಾದಲ್ಲಿ ಕ್ಷಮಿಸಿದ್ದ. ಪಕ್ಕದ ಮನೆಯ ಅತ್ತೆಯಂತೂ ಒಂದೇ ಸೊಸೆಯ ಹೆಸರಲ್ಲಿ ಮೂರು ಚೀಟಿ ಹಾಕಿದ್ದಳು. ಗೋದಲಿ ತುಂಬುತ್ತಿತ್ತು.

ಮೂರನೆಯ ವಾರ ಪಾಪನಿವೇದನೆಯ ಜಾಲರಿಯ ಮುಂದೆ ಮಂಡಿಯೂರಿ ಎಲ್ಲ ಹೇಳಿಕೊಂಡಳು. ಕ್ಷಮೆ ಅಂದರೆ ಅನಿಸಿಕೆ ಅಲ್ಲಮ್ಮ, ಅದೊಂದು ತೀರ್ಮಾನ ಎಂದರು ಫಾದರ್. ತೀರ್ಮಾನ ಯಾವತ್ತೋ ಆಗಿದೆ ಎಂದಳು. ಕೈ ತನ್ನ ಮಾತು ಕೇಳುತ್ತದೆ, ಸ್ನಾನ ಮಾಡಿಸುತ್ತದೆ, ಉಗುರು ತೆಗೆಯುತ್ತದೆ, ಒಳಗಿರುವುದು ಮಾತ್ರ ಕೇಳುವುದಿಲ್ಲ ಎಂದಳು. ಫಾದರ್ ಇನ್ನೇನೋ ಹೇಳಲು ಹೊರಟರು. ಅವಳು ಬಿಡಲಿಲ್ಲ.

“ಅಳತೆ ಕೊಟ್ಟ ಗಿರಾಕಿ ಒಬ್ಬ, ಟ್ರಯಲ್‌ಗೆ ಬಂದು ನಿಂತಿರೋನು ಇನ್ನೊಬ್ಬ, ಫಾದರ್. ಇವನಿಗೆ ಅದನ್ನ ಹೇಗೆ ತೊಡಿಸ್ಲಿ?”

ಜಾಲರಿಯ ಆಚೆ ಫಾದರ್ ಮೂಗು ಸೀಟಿಕೊಂಡು, ಪ್ರಾರ್ಥಿಸು ಮಗಳೇ, ಇನ್ನೂ ಒಂದು ವಾರ ಇದೆ ಎಂದರು.

ನಾಲ್ಕನೆಯ ಶನಿವಾರ ಮಧ್ಯಾಹ್ನ ಅವಳು ಮಕ್ಕಳ ನಾಟಕಕ್ಕೆ ದೇವದೂತರ ರೆಕ್ಕೆ ಹೊಲಿಯುತ್ತಿದ್ದಳು. ಆರು ಜೊತೆಯಲ್ಲಿ ಐದು ಮುಗಿದಿದ್ದವು. ಗಂಡ ಚರ್ಚಿಗೆ ದೀಪದ ಸರ ಕಟ್ಟಲು ಹೋಗಿದ್ದ. ನಾಲ್ಕಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ, ರೆಡಿಯಾಗಿರು ಎಂದಿದ್ದ. ಅಪ್ಪನ ತಟ್ಟೆ ಎತ್ತಲು ಒಳಗೆ ಹೋದಾಗ ಅವನು ಬಿಳಿ ಬಟ್ಟೆಯ ಚೂರುಗಳನ್ನು ಗೋಪುರವಾಗಿ ಪೇರಿಸಿಟ್ಟು ಅವಳಿಗಾಗಿಯೇ ಕಾಯುತ್ತಿದ್ದ.

“ಒಂದ್ ಮಾತು ಹೇಳ್ಲಾ ತಾಯಿ?” ಎಂದ. “ನಿಮ್ಮ ತಂದೆ ಭಾಳ ಪುಣ್ಯವಂತ್ರು ಇರ್ಬೇಕು. ಇಂಥ ಮಗಳು ಎಲ್ರಿಗೂ ಸಿಗಲ್ಲ.”

ಅವಳು ತಟ್ಟೆಯನ್ನು ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಒಂದೇ ನಿಮಿಷ ಸಾಕು ಅನ್ನಿಸಿತು. ಆ ಮನುಷ್ಯ ಒಂದು ನಿಮಿಷದ ಮಟ್ಟಿಗೆ ವಾಪಸ್ ಬಂದರೆ ಸಾಕು. ತಪ್ಪಾಯಿತು ಅನ್ನುವುದೂ ಬೇಡ. ಹೌದು, ಅದು ನಾನೇ, ಎಂದರೂ ಸಾಕು. ಆ ಮುಖ ಒಮ್ಮೆ ಕಂಡರೆ ಅದನ್ನು ನೋಡಿ ಹೇಳಬಹುದು, ಹೇಳಿ ಮುಗಿಸಿ, ಸಂಜೆ ನೆಮ್ಮದಿಯಾಗಿ ಚೀಟಿ ಹಾಕಬಹುದು.

ಹೊರಗೆ ಬಂದು ಕೋಣೆಯ ಬಾಗಿಲು ಎಳೆದುಕೊಂಡಳು. ಗಂಟಲು ಸರಿಪಡಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಮುಷ್ಟಿಯಿಂದ ಮೂರು ಸಲ ಗುದ್ದಿದಳು.

“ಒಳಗೆ ಯಾರೂ ಬದುಕಿಲ್ವೇನ್ರೇ?”

ದನಿ ಎಷ್ಟು ಚೆನ್ನಾಗಿ ಬಂತೆಂದರೆ, ಸರಿಯಾಗಿ ಕೂತಿತು ಎಂಬ ಖುಷಿ, ಅನುಕರಣೆ ಮಾಡುವವರಿಗೆಲ್ಲ ಆಗುವ ಆ ಸಣ್ಣ ಖುಷಿ, ಅವಳಿಗೂ ಆಯಿತು. ಅರೆಕ್ಷಣ ಅಷ್ಟೇ. ಒಳಗಿನಿಂದ ಏನೋ ಉರುಳಿದ ಸದ್ದು ಬಂತು. ಬಾಗಿಲು ತಳ್ಳಿದಳು.

ಮಂಚದ ಮೇಲೆ ಅವನಿರಲಿಲ್ಲ. ಮಂಚ ಮತ್ತು ಬೀರುವಿನ ನಡುವಿನ ಸಂದಿಯಲ್ಲಿ, ಇಷ್ಟು ದೊಡ್ಡ ದೇಹ ಹಿಡಿಸಲು ಸಾಧ್ಯವೇ ಇಲ್ಲದ ಜಾಗದಲ್ಲಿ, ಮುದುಡಿ ಕೂತಿದ್ದ. ಎರಡೂ ಮೊಣಕೈ ಮುಖದ ಮುಂದೆ, ಅಂಗೈ ತಲೆಯ ಮೇಲೆ. ಪೈಜಾಮ ಒದ್ದೆಯಾಗಿತ್ತು. ಬಿಳಿ ಚೂರುಗಳು ನೆಲದ ತುಂಬ ಚೆಲ್ಲಿದ್ದವು.

“ಬೇಡಿ” ಎಂದ. “ಹೊಡೀಬೇಡಿ.”

ಅಮ್ಮನೂ ಬೇಡಿ ಅನ್ನುತ್ತಿದ್ದಳು. ಬೆಲ್ಟಿನ ಕೆಳಗೂ ಬಹುವಚನ ಬಿಟ್ಟವಳಲ್ಲ.

ಅವಳು ನೆಲಕ್ಕೆ ಕುಸಿದು, ಅಪ್ಪ, ನಾನು, ನಾನೇ, ಬೇರೆ ಯಾರೂ ಇಲ್ಲ, ಎಂದು ಎಷ್ಟು ಸಲ ಹೇಳಿದಳೋ. ಸ್ವಂತ ದನಿ ಅವಳಿಗೇ ಪರಕೀಯವಾಗಿ ಕೇಳಿತು. ಅವನು ಮೊಣಕೈ ಇಳಿಸಲು ಹತ್ತು ನಿಮಿಷ ಹಿಡಿಯಿತು. ಬಿಸಿನೀರು ತಂದು ಕಾಲು ಒರೆಸಿ, ಬೇರೆ ಪೈಜಾಮ ತೊಡಿಸಿ, ಲಾಡಿ ಕಟ್ಟುವಾಗ ಅವಳ ಬೆರಳುಗಳಿಗೆ ಗಂಟು ಹಾಕಲು ಬರಲಿಲ್ಲ. ದಿನಕ್ಕೆ ನೂರು ಗಂಟು ಹಾಕುವ ಬೆರಳುಗಳು.

“ತಪ್ಪಾಯ್ತು ಅಪ್ಪ,” ಎಂದಳು. “ನನ್ನನ್ನ ಕ್ಷಮಿಸ್ಬಿಡಿ.”

ಅವನು ಅವಳನ್ನೇ ನೋಡಿದ. ಅರ್ಥವಾಗದೆ ನೋಡಿದ, ಅಂತಃಕರಣದಿಂದ ನೋಡಿದ.

“ನೀವೇನ್ ಮಾಡಿದ್ರಿ, ಪಾಪ? ಬಂದಿದ್ದು ಅವನಲ್ವಾ.”

“ಯಾರು?”

ಅವನು ಬಾಗಿಲ ಕಡೆಗೆ ಕಣ್ಣಲ್ಲೇ ತೋರಿಸಿದ. ಹೆಸರು ಹೇಳಲಿಲ್ಲ. ದನಿ ತಗ್ಗಿಸಿ, ಹೋದನಾ ಎಂದು ಕೇಳಿದ. ಹೋದ ಎಂದಳು. ಮತ್ತೆ ಬರ್ತಾನಾ ಎಂದು ಕೇಳಿದ. ಚಿಲಕ ಹಾಕು, ಎಂದ. ಎದ್ದು ಹೋಗಿ ಚಿಲಕ ಹಾಕಿದಳು. ತಿರುಗಿ ಬರುವಷ್ಟರಲ್ಲಿ ಅವನು ಮಂಚದ ಅಂಚಿಗೆ ಸರಿದು, ಒಳಗಡೆ ಒಬ್ಬರಿಗಾಗುವಷ್ಟು ಜಾಗ ಮಾಡಿ, ಅಂಗೈಯಿಂದ ತಟ್ಟಿ ತೋರಿಸುತ್ತಿದ್ದ.

“ಬಾ ಮಗು. ಗೋಡೆ ಕಡೆ ಬಾ. ಇಲ್ಲಾದ್ರೆ ನಿನಗೆ ತಾಗಲ್ಲ.”

ಮರೆವು ಬಂದ ಈ ಎರಡು ವರ್ಷದಲ್ಲಿ ಮಗು ಅಂದದ್ದು ಇದೇ ಮೊದಲು. ಅದಕ್ಕೂ ಹಿಂದಿನ ನಲವತ್ತು ವರ್ಷದಲ್ಲಿ ಅಂದದ್ದು ಅವಳಿಗೆ ನೆನಪಿಲ್ಲ. ಅವಳು ಅವನ ಮೊಣಕಾಲು ದಾಟಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಿಸಿ ಕೂತಳು. ಅವನು ಅವಳಿಗೆ ಅಡ್ಡವಾಗಿ, ಬಾಗಿಲಿಗೆ ಮುಖ ಮಾಡಿ ಕೂತ.

ನಾಲ್ಕಕ್ಕೆ ಸ್ಕೂಟರ್ ಬಂದು ನಿಂತಿತು. ಹೊಲಿಗೆ ಕೋಣೆಯಲ್ಲಿ ಹೆಜ್ಜೆ ಸದ್ದಾಯಿತು, ಯಾರೋ ರೆಕ್ಕೆಗಳನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೋಣೆಯ ಬಾಗಿಲು ಅಲುಗಿತು.

“ಯಾಕೆ ಚಿಲಕ ಹಾಕ್ಕೊಂಡಿದೀಯ? ಹೊತ್ತಾಯ್ತು ಕಣೇ, ಫಾದರ್ ಐದಕ್ಕೆಲ್ಲ ಎದ್ದು ಹೋಗ್ತಾರಂತೆ,” ಎಂದ ಗಂಡ. “ಮಾವನಿಗೆ ಹುಷಾರಿಲ್ವಾ?”

ಅಪ್ಪ ತಿರುಗಿ ನೋಡದೆ ಒಂದು ಕೈಯನ್ನು ಹಿಂದಕ್ಕೆ ಚಾಚಿದ. ಸುಮ್ಮನಿರು ಎಂಬಂತೆ ಅವಳ ಪಾದವನ್ನು ಹಿಡಿದುಕೊಂಡ. ಹಿಡಿತ ಬಿಗಿಯಾಗಿತ್ತು. ಗಂಡ ಮತ್ತೊಮ್ಮೆ ಕರೆದ. ಅವಳು ಬಾಯಿ ತೆರೆದಳು, ಯಾವ ದನಿಯೂ ಬರಲಿಲ್ಲ. ಎದುರಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅವಳೇ ಹೊಲಿದ ಅಂಗಿ, ಈಗ ಎರಡು ಬೆರಳು ದೊಗಲೆಯಾಗಿತ್ತು, ಉಸಿರಿಗೊಮ್ಮೆ ಏರಿ ಇಳಿಯುತ್ತಿತ್ತು.